ಹಂತಕನ ದನಿಯೂ ಹತರ ಹೆಸರೂ: ಕೇಳುಪುಸ್ತಕದ ನ್ಯಾಯಕಥೆಯನ್ನು ಕುರಿತು

೧

ಪತ್ತೇದಾರಿ ಕಾದಂಬರಿಯನ್ನು ಕುರಿತು ನಮ್ಮ ವಿದ್ವತ್ಪತ್ರಿಕೆಗಳಲ್ಲಿ ವಿಚಾರ ನಡೆದಿರುವುದು ಬಲು ಕಡಮೆ. ಅದು ಹೊತ್ತು ಕಳೆಯುವವರ ಬರವಣಿಗೆಯೆಂದು ಪಂಡಿತರು ಅದನ್ನು ಜಗುಲಿಯಿಂದಾಚೆಗೆ ನಿಲ್ಲಿಸಿದರು. ಜನರಾದರೋ ಅದನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದರು. ಬಿ. ವೆಂಕಟಾಚಾರ್ಯರು ವಂಗಭಾಷೆಯಿಂದ ಕಥೆಗಳನ್ನು ತಂದು ಕನ್ನಡಿಗರಿಗೆ ಕಾದಂಬರಿಯ ರುಚಿಯನ್ನು ಹತ್ತಿಸಿದುದು ಎಲ್ಲರೂ ಬಲ್ಲ ಸಂಗತಿ. ಅವರ ತರುವಾಯ ಓದುವ ಜನರ ಬಳಗವನ್ನು ಬೆಳಸಿದವರಲ್ಲಿ ಮ. ರಾಮಮೂರ್ತಿ, ಎನ್. ನರಸಿಂಹಯ್ಯ ಮೊದಲಾದ ಪತ್ತೇದಾರಿ ಕಾದಂಬರಿಕಾರರ ಪಾಲು ಚಿಕ್ಕದಲ್ಲ. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳಿಂದಲೇ ಕಾದಂಬರಿಯನ್ನು ಓದಲು ಕಲಿತವರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಈಗ ಆ ಪ್ರಕಾರವು ಕಣ್ಣಿನಿಂದ ಕಿವಿಗೆ ಇಳಿದಿದೆ. ಈಟಿವಿ ಕನ್ನಡ ವಾಹಿನಿಯಲ್ಲಿ ರವಿ ಬೆಳಗೆರೆಯವರು ನಡೆಸಿಕೊಟ್ಟ ‘ಕ್ರೈಂ ಡೈರಿ’ಯ ಕಾಲದಿಂದಲೇ ಅಪರಾಧದ ಕಥೆಯನ್ನು ಒಬ್ಬರ ಕಂಠದಿಂದ ಕೇಳುವ ಅಭ್ಯಾಸ ನಮಗೆ ಆಗಿತ್ತು. ಆಡಿಯೊ ಪುಸ್ತಕವು, ಎಂದರೆ ಕೇಳುಪುಸ್ತಕವು, ಆ ಅಭ್ಯಾಸವನ್ನು ಕಿಸೆಯೊಳಗಣ ಯಂತ್ರಕ್ಕೆ ತಂದಿತು. ಈ ಕೇಳುಪುಸ್ತಕಗಳಲ್ಲಿ ಒಂದು ವರ್ಗವನ್ನು ಇಲ್ಲಿ ಪರಿಶೀಲನೆಗೆ ತೆಗೆದುಕೊಂಡಿದೆ. ಒಂದರ ಹಿಂದೊಂದು ಕೊಲೆ ನಡೆಯುತ್ತದೆ. ಒಬ್ಬ ಅಧಿಕಾರಿಯೋ ವಕೀಲನೋ ಜಾಡು ಹಿಡಿಯುತ್ತಾನೆ. ನಡುನಡುವೆ ಹಂತಕನೇ ತನ್ನ ದನಿಯಲ್ಲಿ ತನ್ನ ಅಂತರಂಗವನ್ನು ತೋಡಿಕೊಳ್ಳುತ್ತಾನೆ. ಕಡೆಗೆ ಕಟಕಟೆಯಲ್ಲಿ ಗುಟ್ಟು ರಟ್ಟಾಗಿ ತೀರ್ಪಿನೊಡನೆ ಕಥೆ ಮುಗಿಯುತ್ತದೆ. ಪರಭಾಷೆಗಳಲ್ಲಿ ಈ ಮಾದರಿ ಬೇರೂರಿದೆ. ಕನ್ನಡವೂ ಅದೇ ದಾರಿಯನ್ನು ಹಿಡಿಯುತ್ತಿದೆ. ಒಂದೆರಡು ಕೃತಿಗಳ ಗುಣದೋಷಗಳನ್ನು ಎಣಿಸುವುದು ನಮ್ಮ ಉದ್ದೇಶವಲ್ಲ. ಸರಣಿ ಹಂತಕನ ಬೇಟೆಯನ್ನು ಕಿವಿಗೆ ಹೇಳುವ ಈ ಪ್ರಕಾರವು ತನ್ನನ್ನು ‘ನ್ಯಾಯಕಥೆ’ಯೆಂದು ಕರೆದುಕೊಳ್ಳುತ್ತದೆಯಷ್ಟೆ, ಆ ಹೆಸರಿಗೆ ಅದು ಎಷ್ಟರಮಟ್ಟಿಗೆ ತಕ್ಕುದೆಂಬುದೇ ವಿಚಾರಿಸತಕ್ಕ ವಿಷಯ.

೨

ಕೇಳುಪುಸ್ತಕವು ಹುಟ್ಟಿದುದು ವಿನೋದಕ್ಕಾಗಿ ಅಲ್ಲ. ಅಮೆರಿಕದಲ್ಲಿ ೧೯೩೦ರ ದಶಕದಲ್ಲಿ ಅಂಧರಿಗಾಗಿ ಪುಸ್ತಕಗಳನ್ನು ಧ್ವನಿಮುದ್ರಿಕೆಗಳಲ್ಲಿ ಹಿಡಿದಿಡುವ ಏರ್ಪಾಡಾಯಿತು. ಇಂಗ್ಲೆಂಡಿನಲ್ಲಿ ೧೯೩೫ರಲ್ಲಿ ಇಂಥ ಮಾತನಾಡುವ ಪುಸ್ತಕಗಳು ಮೊದಲ ಸಲ ಹೊರಬಂದಾಗ ಅವುಗಳಲ್ಲಿ ಒಂದು ಜೋಸೆಫ್ ಕಾನ್ರಾಡನ ‘ಟೈಫೂನ್’. ಇನ್ನೊಂದು ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’. ಈ ಎರಡನೆಯ ಆಯ್ಕೆಯಲ್ಲಿ ಒಂದು ವಿಚಿತ್ರವಿದೆ. ಆ ಕಾದಂಬರಿಯಲ್ಲಿ ಕಥೆಯನ್ನು ಹೇಳುವವನೇ ಕೊಲೆಗಾರನೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಅಂತೂ ಕೇಳುಪುಸ್ತಕವು ಕಣ್ತೆರೆದ ಹೊತ್ತಿನಲ್ಲಿಯೇ ಕೇಳುವವನ ಕಿವಿಗೆ ಬಿದ್ದ ದನಿಗಳಲ್ಲಿ ಒಂದು ಹಂತಕನದಾಗಿತ್ತು. ಇದು ಕಾಕತಾಳೀಯವೆಂಬುದು ನಿಜ. ಆದರೂ ಈ ಪ್ರಕಾರದ ಸ್ವಭಾವವನ್ನು ಅದು ಚೆನ್ನಾಗಿ ಸೂಚಿಸುತ್ತದೆ.

ಓದುವುದಕ್ಕೂ ಕೇಳುವುದಕ್ಕೂ ಇರುವ ಭೇದಗಳಲ್ಲಿ ಮೂರು ಇಲ್ಲಿ ಮುಖ್ಯವಾದುವು. ಒಂದನೆಯದು: ಓದುಗನು ಪುಟವನ್ನು ಹಿಂದಕ್ಕೆ ತಿರುವಿ ಹಿಂದಿನ ಮಾತನ್ನು ಈಗಿನ ಮಾತಿನೊಡನೆ ಹೋಲಿಸಿ ನೋಡಬಲ್ಲನು, ಕೇಳುಗನಿಗೂ ಹಿಂದಕ್ಕೆ ಹೋಗಲು ಯಂತ್ರದಲ್ಲಿ ಅನುಕೂಲವಿದ್ದರೂ ಕಥೆಯ ಓಟ ಅದಕ್ಕೆ ಎಡೆಗೊಡುವುದಿಲ್ಲ. ಎರಡನೆಯದು: ಪುಸ್ತಕದಲ್ಲಿ ಎಲ್ಲ ಪಾತ್ರಗಳೂ ಒಂದೇ ಅಚ್ಚಿನಲ್ಲಿ ಸಮಾನವಾಗಿ ನಿಂತಿರುತ್ತವೆ, ಕೇಳುವಿಕೆಯಲ್ಲಿ ಯಾರಿಗೆ ಹೆಚ್ಚು ಹೊತ್ತು ದನಿ ದೊರೆಯುವುದೋ ಅವನೇ ಮನಸ್ಸಿನಲ್ಲಿ ದೊಡ್ಡವನಾಗುತ್ತಾನೆ. ಮೂರನೆಯದು: ಮುದ್ರಿತ ವಾಕ್ಯವು ಒಂದು ಮಾರು ದೂರದಲ್ಲಿರುತ್ತದೆ, ದನಿಯು ಕಿವಿಯ ಒಳಗೇ ಬಂದು ನಿಲ್ಲುತ್ತದೆ. ಆಪ್ತರು ಪಿಸುಗುಟ್ಟುವಷ್ಟು ಹತ್ತಿರದಿಂದ ನುಡಿಯುವವನನ್ನು ಸಂದೇಹದಿಂದ ಕಾಣುವುದು ಕಷ್ಟ.

ಈ ಮೂರು ಭೇದಗಳೂ ನ್ಯಾಯವಿಚಾರಣೆಯ ಕ್ರಮಕ್ಕೆ ಎದುರಾಗಿ ನಿಂತಿರುವುದನ್ನು ಗಮನಿಸಬೇಕು. ನ್ಯಾಯಾಲಯದಲ್ಲಿ ಮುಖ್ಯ ವಿಚಾರಣೆಯಾದ ಮೇಲೆ ಪಾಟೀಸವಾಲು ಬರುತ್ತದೆ. ಎಂದರೆ ಹೇಳಿದುದನ್ನು ಹಿಂದಕ್ಕೆ ತಿರುಗಿ ನೋಡುವುದೇ ಅಲ್ಲಿಯ ಧರ್ಮ. ಎಷ್ಟು ಇಂಪಾಗಿ ನುಡಿದನೆಂಬುದು ಅಲ್ಲಿ ಗಣನೆಗೆ ಬಾರದು. ನುಡಿದುದಕ್ಕೆ ಪಂಚನಾಮೆಯಲ್ಲಿಯೋ ವೈದ್ಯರ ವರದಿಯಲ್ಲಿಯೋ ಆಧಾರವಿದೆಯೆ ಎಂಬುದೇ ಪ್ರಶ್ನೆ. ಆದುದರಿಂದ ಕಿವಿಗೆ ನ್ಯಾಯಕಥೆಯನ್ನು ಹೇಳಹೊರಟ ಗ್ರಂಥಕರ್ತನು ಮೊದಲಿನಿಂದಲೂ ಎರಡು ದೋಣಿಗಳಲ್ಲಿ ಕಾಲಿಟ್ಟಿರುತ್ತಾನೆ.

೩

ಈ ತೊಡಕಿನ ಮೂಲವನ್ನು ಅರಸುತ್ತ ಹೋದರೆ ನಾವು ಕನ್ನಡನಾಡಿಗೆ ಸಂಬಂಧಿಸಿದ ಒಬ್ಬ ಗ್ರಂಥಕರ್ತನ ಬಳಿಗೆ ಬಂದು ಮುಟ್ಟುತ್ತೇವೆ. ೧೮೪೦ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರನು ಅದಕ್ಕೆ ಮುಂಚೆಯೇ, ೧೮೩೯ರಲ್ಲಿ, ‘ಕನ್‌ಫೆಷನ್ಸ್ ಆಫ್ ಎ ಥಗ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಪ್ರಕಟಿಸಿದ್ದನು. ದಾರಿಹೋಕರೊಡನೆ ಸ್ನೇಹ ಬೆಳಸಿ, ಜೊತೆಯಲ್ಲಿ ನಡೆದು, ಗೊತ್ತಾದ ಎಡೆಯಲ್ಲಿ ಕೊರಳಿಗೆ ಉರುಲು ಹಾಕಿ ಕೊಲ್ಲುತ್ತಿದ್ದರೆಂದು ಹೇಳಲಾದ ಗುಂಪುಗಳ ವಿಷಯ ಅದು. ಮದರಾಸಿನಲ್ಲಿ ವೈದ್ಯನಾಗಿದ್ದ ರಿಚರ್ಡ್ ಶೆರ್‌ವುಡ್ ಎಂಬಾತನು ೧೮೧೬ರಲ್ಲಿ ಇವರನ್ನು ಕುರಿತು ಬರೆದ ಲೇಖನದಲ್ಲಿ ಬೇರೆ ಬೇರೆ ದೇಶಭಾಷೆಗಳಲ್ಲಿ ಇವರಿಗಿದ್ದ ಹೆಸರುಗಳನ್ನು ಕೊಟ್ಟಿರುವನು. ಕನ್ನಡದಲ್ಲಿ ಇವರನ್ನು ‘ತಂತಿ ಕಳ್ಳರು’ ಎನ್ನುತ್ತಾರೆಂದು ಅಲ್ಲಿ ಇದೆ. ಆ ಹೆಸರಿನಿಂದ ಈ ಭೀತಿ ನಮ್ಮ ನಾಡಿಗೂ ಹೊಸದಲ್ಲವೆಂದು ತಿಳಿಯುತ್ತದೆ.

ಟೇಲರನ ಕಾದಂಬರಿಯ ಕಟ್ಟಡವು ಗಮನಾರ್ಹವಾದುದು. ಅಮೀರ ಅಲಿಯೆಂಬ ಮಾಫಿ ಸಾಕ್ಷಿದಾರನು ಒಬ್ಬ ಸಾಹೇಬನ ಎದುರಿನಲ್ಲಿ ಕುಳಿತು ತನ್ನ ಚರಿತ್ರೆಯನ್ನು ಬಾಯಿಂದ ಹೇಳುತ್ತಾನೆ. ಸಾಹೇಬನು ಕೇಳುತ್ತಾನೆ, ನಡುನಡುವೆ ಒಂದು ಮಾತನಾಡುತ್ತಾನೆ. ಎಂದರೆ ಇದು ಬರೆದ ಪುಸ್ತಕವಾದರೂ ಸ್ವರೂಪದಲ್ಲಿ ಕೇಳುಪುಸ್ತಕವೇ. ಏಳುನೂರ ಹತ್ತೊಂಬತ್ತು ಜನರನ್ನು ಕೊಂದವನೆಂದು ಅಲ್ಲಿ ಅವನ ಲೆಕ್ಕ. ಆ ಲೆಕ್ಕವನ್ನು ಅವನು ಹೆಮ್ಮೆಯಿಂದ ಹೇಳುತ್ತಾನೆ. ನಡುವೆ ಸೆರೆಮನೆಯ ವಾಸ ಒದಗದಿದ್ದರೆ ಸಾವಿರವನ್ನು ತುಂಬುತ್ತಿದ್ದೆನೆಂಬ ಭಾವವೂ ಅವನಲ್ಲಿದೆ. ಅವನ ಮಾತು ಸೊಗಸಾದುದು, ಅವನ ಧೈರ್ಯ ಮೆಚ್ಚತಕ್ಕುದು, ಅವನ ಸಂಸಾರಪ್ರೀತಿ ನಿಜವಾದುದು. ಓದುತ್ತ ಓದುತ್ತ ನಾವು ಅವನ ಪಕ್ಷವನ್ನೇ ವಹಿಸಿಬಿಟ್ಟಿರುತ್ತೇವೆ. ಇದು ಟೇಲರನ ಶಕ್ತಿ. ಅವನ ಪುಸ್ತಕದ ಅಪಾಯವೂ ಇದೇ.

ಆ ಏಳುನೂರ ಹತ್ತೊಂಬತ್ತು ಜನರಲ್ಲಿ ಓದುಗನ ಎದೆಯಲ್ಲಿ ಉಳಿಯುವವರು ಎಷ್ಟು ಮಂದಿ? ಬೆರಳೆಣಿಕೆಯಷ್ಟು ಮಂದಿ ಮಾತ್ರ. ಅವರಲ್ಲಿಯೂ ಎಲ್ಲರಿಗಿಂತ ಆಳವಾಗಿ ನಾಟುವವಳು ಒಬ್ಬಳು. ತಾನು ಕೊಂದ ಒಬ್ಬ ಹೆಂಗಸು ತನ್ನ ಒಡಹುಟ್ಟಿದವಳೆಂಬುದು ಅವಳ ಕೊರಳಲ್ಲಿದ್ದ ನಾಣ್ಯದ ಗುರುತಿನಿಂದ ಅಮೀರ ಅಲಿಗೆ ತಡವಾಗಿ ತಿಳಿಯುತ್ತದೆ. ಅದುವರೆಗೆ ಕೊಲೆಯನ್ನು ಕಸುಬೆಂದು ಎಣಿಸಿದ್ದವನು ಅಲ್ಲಿ ಕುಸಿಯುತ್ತಾನೆ. ಸತ್ತವಳಿಗೆ ಒಂದು ಸಂಬಂಧ ದೊರೆತ ಕ್ಷಣದಲ್ಲಿ ಅವಳು ಸಂಖ್ಯೆಯಿಂದ ಹೊರಬಂದು ಮನುಷ್ಯಳಾದಳು. ಉಳಿದವರಿಗೂ ಅಣ್ಣಂದಿರೂ ತಮ್ಮಂದಿರೂ ಇದ್ದಿರಬೇಕಷ್ಟೆ. ಆದರೆ ಕಥೆಯನ್ನು ಹೇಳುತ್ತಿರುವವನು ಅವರ ತಮ್ಮನಲ್ಲವಾದುದರಿಂದ ನಮಗೂ ಅವರು ಏನೂ ಆಗದೆ ಹೋದರು. ಟೇಲರನು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದನೋ ಇಲ್ಲವೋ, ಈ ಒಂದು ಪ್ರಸಂಗದಲ್ಲಿ ತನ್ನ ಪ್ರಕಾರದ ಮೇಲೆ ತಾನೇ ತೀರ್ಪು ಕೊಟ್ಟಿದ್ದಾನೆ.

ಈ ಪುಸ್ತಕದ ಹಿನ್ನೆಲೆಯಲ್ಲಿದ್ದ ಕಾನೂನನ್ನೂ ನೆನೆಯಬೇಕು. ೧೮೩೬ರ ೩೦ನೆಯ ಕಾಯಿದೆಯು ಠಗರ ಗುಂಪಿಗೆ ಸೇರಿದವನೆಂದು ಸಿದ್ಧವಾದವನಿಗೆ, ಇಂಥ ಕೊಲೆಯನ್ನೇ ಮಾಡಿದನೆಂದು ತೋರಿಸುವ ಅಗತ್ಯವಿಲ್ಲದೆ, ಜೀವಾವಧಿ ಸೆರೆಯನ್ನು ವಿಧಿಸಿತು. ೧೮೩೭ರ ೧೯ನೆಯ ಕಾಯಿದೆಯು ಶಿಕ್ಷೆ ಹೊಂದಿದವನ ಸಾಕ್ಷ್ಯವನ್ನೂ ಗ್ರಾಹ್ಯವೆಂದಿತು. ಹೀಗಾಗಿ ಒಬ್ಬ ಅಪರಾಧಿಯ ಬಾಯಿಮಾತು ಅನೇಕರನ್ನು ಸೆರೆಗೆ ನೂಕಬಲ್ಲುದಾಯಿತು. ಠಗರನ್ನು ಕುರಿತ ಸರಕಾರಿ ಚಿತ್ರವೇ ಇಂಥ ಮಾಫಿ ಸಾಕ್ಷಿಗಳ ಮಾತಿನಿಂದ ಬಹುಮಟ್ಟಿಗೆ ಕಟ್ಟಲ್ಪಟ್ಟುದೆಂಬುದನ್ನು ಇತ್ತೀಚಿನ ಇತಿಹಾಸಕಾರರು, ವಿಶೇಷವಾಗಿ ೨೦೦೭ರ ತನ್ನ ಗ್ರಂಥದಲ್ಲಿ ಕಿಮ್ ವ್ಯಾಗ್ನರ್, ಎತ್ತಿ ತೋರಿಸಿದ್ದಾರೆ. ಅಮೀರ ಅಲಿಯ ಲೆಕ್ಕಕ್ಕೆ ಅವನ ನಾಲಗೆಯ ಹೊರತು ಬೇರೆ ಆಧಾರವಿಲ್ಲ. ಆದರೂ ಕೇಳುವವನು ನಂಬುತ್ತಾನೆ. ಏಕೆಂದರೆ ದನಿ ನಂಬಿಸುತ್ತದೆ.

ಆ ಕಾಲದ ಕಾನೂನಿನ ಈ ಸಡಿಲನ್ನು ತರುವಾಯದ ಕಾನೂನು ಬಿಗಿಮಾಡಿತು. ೧೮೭೨ರ ಸಾಕ್ಷ್ಯ ಕಾಯಿದೆಯು ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಕೂಡದೆಂದಿತು; ಅವನ ಮಾತಿನ ಬೆನ್ನು ಹತ್ತಿ ಏನಾದರೊಂದು ವಸ್ತು ದೊರೆತರೆ ಅದಕ್ಕೆ ಸಂಬಂಧಿಸಿದಷ್ಟು ಮಾತ್ರ ಗ್ರಾಹ್ಯ. ಸಹಾಪರಾಧಿಯ ಮಾತು ಮುಖ್ಯಾಂಶಗಳಲ್ಲಿ ಬೇರೆ ಸಾಕ್ಷ್ಯದಿಂದ ಸಮರ್ಥನೆ ಪಡೆಯದೆ ನಂಬತಕ್ಕುದಲ್ಲವೆಂದು ಊಹಿಸಲು ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿತು. ೨೦೨೪ರ ಜುಲೈ ೧ರಿಂದ ಆ ಕಾಯಿದೆಯ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ಕಟ್ಟುಗಳನ್ನು ಉಳಿಸಿಕೊಂಡಿದೆ. ಇದರ ಅರ್ಥವೇನು? ನಮ್ಮ ಕೇಳುಪುಸ್ತಕಗಳಲ್ಲಿ ರೋಮಾಂಚವನ್ನುಂಟುಮಾಡುವ ಭಾಗವು ಯಾವುದೋ, ಎಂದರೆ ಸಿಕ್ಕಿಬಿದ್ದ ಹಂತಕನು ಅಧಿಕಾರಿಯೆದುರು ಗಂಟೆಗಟ್ಟಲೆ ತೋಡಿಕೊಳ್ಳುವ ಒಪ್ಪಿಗೆಯು, ನಮ್ಮ ನ್ಯಾಯಾಲಯದಲ್ಲಿ ಬಹುಪಾಲು ಬೆಲೆಯಿಲ್ಲದುದು. ಕಥೆ ಎಲ್ಲಿ ಶಿಖರವನ್ನು ಮುಟ್ಟುವುದೋ ಅಲ್ಲಿ ನ್ಯಾಯ ಕಿವಿ ಮುಚ್ಚಿಕೊಳ್ಳುತ್ತದೆ.

೪

ಇನ್ನು ನಮ್ಮ ಕಾಲದ ಒಂದು ನಿಜಪ್ರಕರಣವನ್ನು ಕಥೆಯ ಪಕ್ಕದಲ್ಲಿಟ್ಟು ನೋಡಬಹುದು. ದಕ್ಷಿಣಕನ್ನಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದ ಮೋಹನಕುಮಾರನೆಂಬವನನ್ನು ೨೦೦೯ರ ಅಕ್ಟೋಬರಿನಲ್ಲಿ ಬಂಧಿಸಲಾಯಿತು. ಮದುವೆಯಾಗುವೆನೆಂದು ನಂಬಿಸಿ ಬಡಕುಟುಂಬಗಳ ತರುಣಿಯರನ್ನು ಊರಿಂದ ದೂರಕ್ಕೆ ಕರೆದೊಯ್ದು, ಸಯನೈಡು ಕೊಟ್ಟು, ಅವರ ಒಡವೆಗಳೊಡನೆ ಹಿಂದಿರುಗುತ್ತಿದ್ದನೆಂಬುದು ಆರೋಪ. ಅವನ ಮೇಲೆ ಇಪ್ಪತ್ತು ಕೊಲೆಗಳ ಮೊಕದ್ದಮೆಗಳು ನಡೆದುವು. ೨೦೧೩ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯವು ಮೊದಲ ತೀರ್ಪುಗಳನ್ನಿತ್ತಿತು. ಇಪ್ಪತ್ತನೆಯದು ಮುಗಿದುದು ೨೦೨೦ರಲ್ಲಿ.

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಭಯಂಕರವಾದುದು ಹಂತಕನ ಜಾಣ್ಮೆಯಲ್ಲ. ಅನೇಕ ವರ್ಷಗಳ ಕಾಲ ಅಲ್ಲಿ ಹಂತಕನೊಬ್ಬನು ಇದ್ದಾನೆಂಬುದೇ ಯಾರಿಗೂ ತೋಚಲಿಲ್ಲವೆಂಬುದು. ಬಸ್ಸು ನಿಲ್ದಾಣಗಳ ಶೌಚಾಲಯಗಳಲ್ಲಿ ಸಿಕ್ಕಿದ ಶವಗಳು ಬೇರೆ ಬೇರೆ ಠಾಣೆಗಳ ದಫ್ತರಗಳಲ್ಲಿ ಗುರುತು ಸಿಕ್ಕದ ಹೆಂಗಸಿನ ಸಾವೆಂದೋ ಆತ್ಮಹತ್ಯೆಯೆಂದೋ ದಾಖಲಾಗಿ ಮುಚ್ಚಿಹೋದುವು. ಮನೆಯವರು, ಮಗಳು ಯಾರೊಡನೆಯೋ ಓಡಿಹೋದಳೆಂಬ ನಾಚಿಕೆಯಿಂದ ಬಾಯಿಬಿಡಲಿಲ್ಲ. ೨೦೦೯ರಲ್ಲಿ ಬಂಟ್ವಾಳದ ಕಡೆಯ ಒಬ್ಬ ತರುಣಿಯು ಕಾಣೆಯಾದಾಗ ಊರು ಗದ್ದಲವೆಬ್ಬಿಸಿತು, ಅವಳ ದೂರವಾಣಿಯ ಕರೆಗಳ ಜಾಡು ಕಾಣೆಯಾದ ಮತ್ತೊಬ್ಬಳ ಸಂಖ್ಯೆಗೆ ಮುಟ್ಟಿತು, ಅಲ್ಲಿಂದ ಇನ್ನೊಬ್ಬಳಿಗೆ. ಹೀಗೆ ಬಿಡಿಬಿಡಿಯಾಗಿದ್ದ ಸಾವುಗಳು ಒಂದೇ ದಾರದ ಮಣಿಗಳೆಂಬುದು ಹೊರಬಿದ್ದಿತು.

ಕೇಳುಪುಸ್ತಕದ ಕಥೆಯಲ್ಲಿ ಇದು ತಲೆಕೆಳಗು. ಅಲ್ಲಿ ಸರಣಿಯು ಮೊದಲನೆಯ ಅಧ್ಯಾಯದಲ್ಲಿಯೇ ಸಿದ್ಧವಾಗಿರುತ್ತದೆ. ಒಂದೇ ಬಗೆಯ ಗುರುತನ್ನು ಪ್ರತಿ ಶವದ ಬಳಿಯೂ ಬಿಟ್ಟುಹೋಗುವ ಹಂತಕನು ತನ್ನ ಬೇಟೆಗಾರನನ್ನು ತಾನೇ ಕರೆಯುತ್ತಾನೆ. ಊರೆಲ್ಲ ಭಯದಿಂದ ನಡುಗುತ್ತದೆ. ನಿಜದಲ್ಲಿ ಊರು ನಡುಗಲಿಲ್ಲ. ಊರಿಗೆ ಗೊತ್ತೇ ಇರಲಿಲ್ಲ. ಬಡವರ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದರೂ ಲೋಕವು ಅದನ್ನು ಒಂದು ಸರಣಿಯೆಂದು ಎಣಿಸಲಿಲ್ಲವೆಂಬುದೇ ಈ ಕಥೆಯ ಹುರುಳು. ಹಂತಕನ ಬುದ್ಧಿವಂತಿಕೆಯನ್ನೇ ಹಾಡಿ ಹೊಗಳುವ ಕೃತಿಯು ಲೋಕದ ಈ ಅಲಕ್ಷ್ಯವನ್ನು ಮರೆಮಾಡುತ್ತದೆ. ಅವನು ಮಹಾಚತುರನಾಗಿದ್ದರೆ ನಮ್ಮ ತಪ್ಪೇನೂ ಇಲ್ಲವಷ್ಟೆ!

ಸರಣಿಯು ಪತ್ತೆಯಾದ ಮೇಲೆಯೂ ನ್ಯಾಯಾಲಯವು ಅದನ್ನು ಸರಣಿಯಾಗಿಯೇ ತೂಗಲಿಲ್ಲವೆಂಬುದು ಇನ್ನೂ ಹೆಚ್ಚು ವಿಚಾರಾರ್ಹ. ಇಪ್ಪತ್ತು ಸಾವುಗಳಿಗೆ ಇಪ್ಪತ್ತು ವಿಚಾರಣೆಗಳು. ಒಬ್ಬಳನ್ನು ಕೊಂದನೆಂದು ಸಿದ್ಧವಾದ ಮಾತ್ರಕ್ಕೆ ಮತ್ತೊಬ್ಬಳನ್ನೂ ಕೊಂದನೆಂದು ಹೇಳಿಬಿಡುವಂತಿಲ್ಲ. ಆರೋಪಿಯ ಕೆಟ್ಟ ನಡತೆಯು ಸಾಮಾನ್ಯವಾಗಿ ಅವನ ವಿರುದ್ಧ ಸಾಕ್ಷ್ಯವಾಗಲಾರದೆಂಬುದು ನಮ್ಮ ಸಾಕ್ಷ್ಯಶಾಸ್ತ್ರದ ನಿಯಮ. ಪ್ರತಿಯೊಬ್ಬಳಿಗೂ ಅವಳನ್ನು ಕಡೆಗೆ ಕಂಡವರು ಯಾರು, ಅವಳು ತೊಟ್ಟಿದ್ದ ಒಡವೆ ಯಾವುದು, ಅವಳ ಶವವನ್ನು ಗುರುತಿಸಿದವರು ಯಾರು ಎಂಬ ವಿಚಾರಣೆ ಬೇರೆ ಬೇರೆಯಾಗಿ ನಡೆಯಬೇಕಾಯಿತು. ತೀರ್ಪುಗಳ ಮೇಲಣ ಪರಿಶೀಲನೆಯೂ ಬೇರೆಬೇರೆಯೇ; ಮರಣದಂಡನೆಗಳಲ್ಲಿ ಒಂದನ್ನು ೨೦೧೭ರಲ್ಲಿ ಉಚ್ಚ ನ್ಯಾಯಾಲಯವು ಜೀವಾವಧಿ ಸೆರೆಯಾಗಿ ಇಳಿಸಿತು. ಹೊರಗಿನವರಿಗೆ ಇದು ಕಾಲವಿಳಂಬವಾಗಿ ಕಾಣಬಹುದು. ನಮಗೆ ತೋರುವುದೇನೆಂದರೆ, ಹತಳಾದವಳಿಗೆ ಲೋಕವು ಕೊಡದೆ ಹೋದ ಗೌರವವನ್ನು ಈ ಶುಷ್ಕವಾದ ವಿಧಿಯು ಕೊಟ್ಟಿತು. ಹಂತಕನ ಕಥೆಯಲ್ಲಿ ಅವಳು ಹನ್ನೊಂದನೆಯವಳು. ನ್ಯಾಯಾಲಯದಲ್ಲಿ ಅವಳದೇ ಒಂದು ಪ್ರಕರಣ, ಅವಳಿಗೇ ಒಂದು ದಿನ. ಸರಣಿಯೆಂಬುದು ಕಥೆಗಾರನ ರಚನೆ; ನ್ಯಾಯವು ಸರಣಿಯನ್ನು ಬಿಡಿಸಿ ಒಬ್ಬೊಬ್ಬರನ್ನಾಗಿ ನಿಲ್ಲಿಸುತ್ತದೆ. ನ್ಯಾಯಕಥೆಯೆಂದು ಕರೆಸಿಕೊಳ್ಳುವ ಕೃತಿಯು ಈ ಬಿಡಿಸುವ ಕೆಲಸವನ್ನು ಮಾಡದಿದ್ದರೆ ಅದರಲ್ಲಿ ವಕೀಲರ ಕರಿಯ ಅಂಗಿಯಿದೆಯೇ ಹೊರತು ನ್ಯಾಯವಿಲ್ಲ.

೫

ಒಬ್ಬೊಬ್ಬರನ್ನೂ ಬೇರೆಯಾಗಿ ಕಾಣುವ ಈ ಧರ್ಮವು ಹತರ ವಿಷಯದಲ್ಲಿ ಮಾತ್ರ ನಿಂತುಹೋಗುವುದಿಲ್ಲ. ಶಿಕ್ಷೆ ಹೊಂದಿದವನಿಗೂ ಅದು ಸಲ್ಲುತ್ತದೆ. ಇದಕ್ಕೆ ಬೆಳಗಾವಿಯ ಹಿಂಡಲಗಾ ಸೆರೆಮನೆಯು ಸಾಕ್ಷಿ. ಉಮೇಶ ರೆಡ್ಡಿಯೆಂದು ಕುಪ್ರಸಿದ್ಧನಾದ ಬಿ. ಎ. ಉಮೇಶನಿಗೆ, ೧೯೯೮ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಅತ್ಯಾಚಾರ ಮತ್ತು ಕೊಲೆಗಾಗಿ, ೨೦೦೬ರಲ್ಲಿ ಮರಣದಂಡನೆಯಾಯಿತು. ಉಚ್ಚ ನ್ಯಾಯಾಲಯದಲ್ಲಿ ದಂಡನೆಯ ವಿಷಯವಾಗಿ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಬಂದು ಮೂರನೆಯವರ ಅಭಿಪ್ರಾಯ ಬೇಕಾಯಿತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ದಂಡನೆಯನ್ನು ಎತ್ತಿಹಿಡಿಯಿತು. ಈ ಪ್ರಕರಣದ ಸಾಕ್ಷಿಗಳಲ್ಲಿ ಹತಳ ಎಳೆಯ ಮಗನೂ ಒಬ್ಬನು. ಶಾಲೆಯ ವಯಸ್ಸಿನ ಆ ಹುಡುಗನು ಮನೆಯೊಳಗೆ ಕಂಡ ಅಪರಿಚಿತನನ್ನು ಕುರಿತು ಹೇಳಿದ ಕೆಲವೇ ಮಾತುಗಳಿಗೆ ನ್ಯಾಯಾಲಯವು ಬೆಲೆಕೊಟ್ಟಿತು. ಯಾವ ಕೇಳುಪುಸ್ತಕದ ನಟನೂ ಆ ಮಾತುಗಳನ್ನು ‘ಅಭಿನಯಿಸಿ’ ಹೆಚ್ಚು ಮಾಡಲಾರನು.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ನ್ಯಾಯದ ಕಥೆ ಮುಗಿಯಲಿಲ್ಲ. ೨೦೧೩ರಲ್ಲಿ ಕ್ಷಮಾದಾನದ ಅರ್ಜಿ ತಿರಸ್ಕೃತವಾಯಿತು. ಆದರೆ ಅದಕ್ಕೆ ಎಷ್ಟೋ ಮೊದಲು, ೨೦೦೬ರಿಂದಲೇ, ಅವನನ್ನು ಹಿಂಡಲಗಾದಲ್ಲಿ ಏಕಾಂತ ಸೆರೆಯಲ್ಲಿ ಇಟ್ಟಿದ್ದುದು ಬೆಳಕಿಗೆ ಬಂದಿತು. ಕ್ಷಮಾದಾನದ ಕೊನೆಯ ಬಾಗಿಲೂ ಮುಚ್ಚುವವರೆಗೆ ಒಬ್ಬನನ್ನು ಮರಣದಂಡನೆಗೆ ಒಳಗಾದವನೆಂದು ಹೇಳಿ ಹಾಗೆ ಒಂಟಿಯಾಗಿಡಲು ಬಾರದೆಂದು ೧೯೭೮ರಲ್ಲಿಯೇ ಸುನೀಲ್ ಬಾತ್ರಾ ಪ್ರಕರಣದಲ್ಲಿ ತೀರ್ಮಾನವಾಗಿತ್ತು. ಇದನ್ನು ಗಮನಿಸಿ ಸರ್ವೋಚ್ಚ ನ್ಯಾಯಾಲಯವು ೨೦೨೨ರ ನವೆಂಬರಿನಲ್ಲಿ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿ, ಕನಿಷ್ಠ ೩೦ ವರ್ಷಗಳ ಸೆರೆಯನ್ನು ವಿಧಿಸಿತು. ಈ ತೀರ್ಮಾನ ಎಲ್ಲರಿಗೂ ರುಚಿಸಲಿಕ್ಕಿಲ್ಲ. ಹತಳ ಮನೆಯವರಿಗೆ ಇದು ಕಹಿಯಾದುದಾದರೆ ಅವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಆದರೆ ನಿಷ್ಪಕ್ಷಪಾತಿಯಾದ ವಿಮರ್ಶಕನು ಇಷ್ಟನ್ನು ಕಾಣಲೇಬೇಕು: ಕಥೆಗೆ ಹಂತಕನು ‘ಮೃಗ’ವಾಗಿಯೇ ಇರಬೇಕು, ಇಲ್ಲವಾದರೆ ಬೇಟೆಯ ಸುಖವಿಲ್ಲ, ನ್ಯಾಯಕ್ಕೆ ಅವನು ಕಡೆಯವರೆಗೂ ಮನುಷ್ಯನಾಗಿಯೇ ಇರಬೇಕು, ಇಲ್ಲವಾದರೆ ಅವನಿಗೆ ಕೊಟ್ಟುದು ಶಿಕ್ಷೆಯಾಗದು.

೬

ಹಾಗಾದರೆ ಕಿವಿಗೆ ಹೇಳುವ ಕೊಲೆಯ ಕಥೆಯೆಂದರೆ ಸ್ವಭಾವತಃ ಅನ್ಯಾಯವೇ ಎಂದು ಯಾರಾದರೂ ಕೇಳಬಹುದು. ಹಾಗೆ ಹೇಳಲು ನಮ್ಮ ನಾಡಿನ ಪದ್ಧತಿಯೇ ಅಡ್ಡಬರುತ್ತದೆ. ಹುಕ್ಕೇರಿ ತಾಲೂಕಿನ ದಡ್ಡಿಯಿಂದ ಘಟಪ್ರಭೆಯ ಗುಂಟ ಇಳಿದು ಗೋಕಾಕ, ಮೂಡಲಗಿಗಳವರೆಗೆ ಹಬ್ಬಿದ ಸೀಮೆಯು ಕೇಳುವವರ ಸೀಮೆ. ಈಗ ಮೂಡಲಗಿ ತಾಲೂಕಿಗೆ ಸೇರಿದ ಕುಲಗೋಡದ ತಮ್ಮಣ್ಣನ ಹೆಸರಿನೊಡನೆ ಬೆಳೆದ ಶ್ರೀಕೃಷ್ಣ ಪಾರಿಜಾತವನ್ನು ಇಲ್ಲಿಯ ಜನ ಬೆಳ್ಳಬೆಳತನಕ ಕುಳಿತು ಕೇಳಿದವರು. ಕೌಜಲಗಿಯ ನಿಂಗಮ್ಮನ ಕಂಠಕ್ಕೆ ಮಾರುಹೋದವರು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಕೃಷ್ಣಶರ್ಮರು ಜಾನಪದ ಗೀತೆಯ ಸತ್ವವನ್ನು ವಿದ್ವಾಂಸರಿಗೆ ಮನಗಾಣಿಸಲು ದುಡಿದರು. ಇಂಥ ಕಿವಿಗಳಿಗೆ ಕೊಲೆಯ ಕಥೆ ಹೊಸದೆ?

ಇದೇ ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆಯನ್ನು ವಸ್ತುವಾಗಿ ಉಳ್ಳುದು, ಪತ್ತಾರ ಮಾಸ್ತರರ ಕೃತಿಯೆಂದು ಪ್ರಸಿದ್ಧವಾದ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟ. ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಅದು ಪಂಡಿತರ ಗಮನಕ್ಕೂ ಬಂದಿತು. ಅಲ್ಲಿ ಪತ್ತೇದಾರಿಕೆಯ ಗಂಧವೇ ಇಲ್ಲ. ಸಂಗ್ಯಾ ಸಾಯುವನೆಂಬುದು ಆಟಕ್ಕೆ ಬಂದು ಕುಳಿತ ಎಲ್ಲರಿಗೂ ಗೊತ್ತು; ಕೊಲ್ಲುವವರು ಯಾರೆಂಬುದೂ ಗೊತ್ತು. ಹಾಗಿದ್ದೂ ಜನ ಇಡೀ ರಾತ್ರಿ ಕುಳಿತು ಕೇಳುತ್ತಾರೆ. ಅವರು ಕಾಯುವುದು ಕೊಂದವನ ಹೆಸರಿಗಾಗಿ ಅಲ್ಲ. ನಂಬಿದ ಗೆಳೆಯ ಬಾಳ್ಯಾನಿಂದಲೇ ಸಂಗ್ಯಾ ಹೇಗೆ ಮೋಸಹೋದನೆಂಬ ದುಃಖವನ್ನು ಮತ್ತೊಮ್ಮೆ ಅನುಭವಿಸುವುದಕ್ಕಾಗಿ. ಸಾಯತಕ್ಕವನಿಗೆ ಅಲ್ಲಿ ದನಿಯಿದೆ, ಹಾಡಿದೆ, ತಪ್ಪೂ ಇದೆ, ಅವನು ನಿರ್ದೋಷಿಯಲ್ಲ. ಆಟದ ಹೆಸರೇ ಅವನ ಹೆಸರಿನಿಂದ ಆರಂಭವಾಗುತ್ತದೆ. ‘ಕೆರೆಗೆ ಹಾರ’ದಲ್ಲಿಯೂ ಹೀಗೆಯೇ: ಬಲಿಯಾದ ಭಾಗೀರಥಿಯು ನಮಗೆ ಗೊತ್ತು, ಅವಳನ್ನು ಬಲಿಗೆ ಗೊತ್ತುಮಾಡಿದವರ ಜಾಣ್ಮೆಯನ್ನು ಕೇಳಲು ಯಾರೂ ಬರುವುದಿಲ್ಲ. ಕನ್ನಡದ ಕಿವಿಯು ಕೊಲೆಯನ್ನು ಕೇಳಿದೆ. ಆದರೆ ಕೊಲ್ಲಲ್ಪಟ್ಟವರ ಪಕ್ಕದಲ್ಲಿ ನಿಂತು ಕೇಳಿದೆ.

ಇದನ್ನು ರಸದೃಷ್ಟಿಯಿಂದ ವಿವರಿಸಬಹುದು. ಬೇಟೆಯ ಕಥೆಯಲ್ಲಿ ಭಯಾನಕವಿದೆ, ಬೀಭತ್ಸವಿದೆ. ಅವೆರಡನ್ನೂ ಹೊತ್ತು ಓಡುವ ಕುತೂಹಲವಿದೆ. ಇಲ್ಲದಿರುವುದು ಕರುಣ. ಕರುಣಕ್ಕೆ ಶೋಕವು ಸ್ಥಾಯಿ. ಶೋಕಕ್ಕೆ ಆಲಂಬನವಾಗಿ ಒಬ್ಬ ವ್ಯಕ್ತಿ ಬೇಕು. ಸಂಖ್ಯೆಯು ಆಲಂಬನವಾಗಲಾರದು. ಇಪ್ಪತ್ತು ಜನರು ಸತ್ತರೆಂಬ ವಾಕ್ಯದಿಂದ ಬೆಚ್ಚಿಬೀಳಬಹುದು, ಅಳಲಾರೆವು. ರಸಾನುಭವದಲ್ಲಿ ಸಾಧಾರಣೀಕರಣವಾಗುವುದಷ್ಟೆ, ವ್ಯಕ್ತಿವಿಶೇಷವು ಅಲ್ಲಿ ಕಳಚಿಹೋಗಬೇಕಲ್ಲವೆ ಎಂದು ಅಲಂಕಾರಿಕರ ಪಕ್ಷದಿಂದ ಆಕ್ಷೇಪ ಬರಬಹುದು. ಉತ್ತರವೇನೆಂದರೆ, ಕಳಚಿಹೋಗುವುದಕ್ಕಾದರೂ ಮೊದಲು ವಿಶೇಷವು ಇರಬೇಕು. ಶಕುಂತಲೆಯು ಶಕುಂತಲೆಯಾಗಿ ರಂಗಕ್ಕೆ ಬಂದಮೇಲೆ ಎಲ್ಲ ಪರಿತ್ಯಕ್ತೆಯರ ದುಃಖವೂ ಅವಳಲ್ಲಿ ಕಾಣುತ್ತದೆ. ‘ನಾಲ್ಕನೆಯ ಬಲಿ’ಯೆಂದು ಬಂದವಳಲ್ಲಿ ಸಾಧಾರಣೀಕರಿಸಲು ಏನೂ ಇರುವುದಿಲ್ಲ.

೭

ಈ ಪ್ರಕಾರದ ಪರವಾಗಿ ಹೇಳತಕ್ಕ ಮಾತುಗಳೂ ಉಂಟು. ಅವನ್ನು ಮರೆಯುವುದು ಸಲ್ಲದು. ಕಣ್ಣಿಲ್ಲದವರಿಗೆ, ಮುಪ್ಪಿನಲ್ಲಿ ಅಕ್ಷರ ಮಸುಕಾದವರಿಗೆ, ಕೈತುಂಬ ಕೆಲಸವಿದ್ದು ಪುಸ್ತಕ ಹಿಡಿಯಲು ಬಿಡುವಿಲ್ಲದವರಿಗೆ ಕೇಳುಪುಸ್ತಕವು ಮಹೋಪಕಾರಿ. ಬೇಟೆಯ ಕಥೆಯು ಕೇಳುವವನನ್ನು ಬಿಗಿಹಿಡಿಯುವುದರಿಂದಲೇ ಎಷ್ಟೋ ಜನರು ಸಾಹಿತ್ಯದ ಹೊಸ್ತಿಲಿಗೆ ಬರುತ್ತಾರೆ. ಪಾಟೀಸವಾಲು ಎಂದರೇನು, ಸಾಂದರ್ಭಿಕ ಸಾಕ್ಷ್ಯವೆಂದರೇನು ಎಂಬ ತಿಳಿವಳಿಕೆಯೂ ಕೆಲವರಿಗೆ ಇದರಿಂದಲೇ ದೊರೆಯುತ್ತದೆ. ಬೇಟೆಗಾರನ ಪಾತ್ರದಲ್ಲಿ ಸಮಾಜದ ಪಟ್ಟುಬಿಡದ ಸತ್ಯಾನ್ವೇಷಣೆಯ ಆದರ್ಶವೂ ಅಡಗಿದೆ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಹನವಾದುದು. ಹತರ ಹೆಸರನ್ನು ಹೇಳಬೇಕೆಂದರೆ, ಅವರ ಮನೆಯವರ ಸಂಕಟವನ್ನು ಬೀದಿಗೆ ತಂದಂತಾಗದೆ? ಅತ್ಯಾಚಾರಕ್ಕೆ ಗುರಿಯಾದವರ ಹೆಸರನ್ನು ಪ್ರಕಟಿಸಕೂಡದೆಂದು ಕಾನೂನೇ ವಿಧಿಸಿಲ್ಲವೆ? ಹೌದು, ಆ ವಿಧಿ ನ್ಯಾಯವಾದುದೇ. ಈ ಲೇಖನದಲ್ಲಿಯೂ ನಿಜವಾಗಿ ಹತರಾದವರ ಹೆಸರನ್ನು ಬೇಕೆಂದೇ ಬಿಟ್ಟಿದೆ. ನಾವು ಹೆಸರೆಂದು ಹೇಳುವುದು ವಿಳಾಸದ ಹೆಸರನ್ನಲ್ಲ, ವ್ಯಕ್ತಿತ್ವವನ್ನು. ಕಾದಂಬರಿಕಾರನಿಗೆ ಕಲ್ಪನೆಯೆಂಬ ಸಂಪತ್ತಿರುವಾಗ ನಿಜವಾದ ಹೆಸರನ್ನು ಕದಿಯಬೇಕಾದ ದಾರಿದ್ರ್ಯವೇನು? ಹಂತಕನಿಗೆ ಬಾಲ್ಯವನ್ನೂ ಕನಸುಗಳನ್ನೂ ಕಲ್ಪಿಸಿಕೊಡುವವನು, ಹತಳಾದ ತರುಣಿಗೆ ಬೀಡಿ ಸುತ್ತಿ ಕೂಡಿಟ್ಟ ಹಣವನ್ನೂ ಒಂದು ಹಟವನ್ನೂ ಒಬ್ಬ ಜಗಳಗಂಟಿ ತಂಗಿಯನ್ನೂ ಕಲ್ಪಿಸಿಕೊಡಲಾರನೆ? ಹಾಗೆ ಮಾಡದಿರುವುದಕ್ಕೆ ಕಾರಣವು ಕಾನೂನಲ್ಲ, ಔದಾಸೀನ್ಯ.

ಆದುದರಿಂದ ಈ ವರ್ಗದ ಕೃತಿಗಳನ್ನು ತೂಗಲು ಅಧ್ಯಾಪಕರೂ ವಿಮರ್ಶಕರೂ ಬಳಸಬಹುದಾದ ನಾಲ್ಕು ಪ್ರಶ್ನೆಗಳನ್ನು ಸೂಚಿಸಬಹುದಾಗಿದೆ. ಒಟ್ಟು ಕಥನಕಾಲದಲ್ಲಿ ಹಂತಕನ ದನಿಗೆ ದೊರೆತ ಹೊತ್ತೆಷ್ಟು, ಹತರಾದವರೂ ಅವರ ಬಂಧುಗಳೂ ಮಾತನಾಡಿದ ಹೊತ್ತೆಷ್ಟು? ಕಥೆಯು ಸತ್ಯವನ್ನು ಹೊರಗೆಡಹುವುದು ಒಪ್ಪಿಗೆಯ ಮಾತಿನಿಂದಲೋ, ಪರೀಕ್ಷೆಗೆ ನಿಲ್ಲುವ ಸಾಕ್ಷ್ಯದಿಂದಲೋ? ಸಾವುಗಳು ಸರಣಿಯಾಗಿ ಮೊದಲೇ ಪೋಣಿಸಲ್ಪಟ್ಟಿವೆಯೋ, ಅವು ಕಾಣದೆ ಹೋದುದಕ್ಕೆ ಲೋಕದ ಹೊಣೆಯೂ ಇದೆಯೆಂದು ಕೃತಿಕಾರನು ಬಲ್ಲನೋ? ಪುಸ್ತಕವು ಮುಗಿದ ಮರುದಿನ ಕೇಳುಗನ ನೆನಪಿನಲ್ಲಿ ಉಳಿಯುವ ಹೆಸರು ಯಾರದು? ಇವುಗಳಲ್ಲಿ ಕೊನೆಯದನ್ನು ವಿದ್ಯಾರ್ಥಿಗಳಲ್ಲಿ ಕೇಳಿ ನೋಡುವುದು ಸುಲಭ, ಉಪಯುಕ್ತವೂ ಅಹುದು. ಕೊಲೆಗಾರನ ಹೆಸರೊಂದೇ ಉತ್ತರವಾಗಿ ಬಂದರೆ ಆ ಪುಸ್ತಕದ ದೋಷವನ್ನು ಬೇರೆ ಹುಡುಕಬೇಕಾದುದಿಲ್ಲ.

ಕನ್ನಡದಲ್ಲಿ ಈ ಪ್ರಕಾರವು ಇನ್ನೂ ಎಳೆಯದು. ತಿದ್ದಿದರೆ ತಿದ್ದಿಕೊಳ್ಳುವ ಪ್ರಾಯ. ಪರಭಾಷೆಯ ಬೇಟೆಯ ಕಥೆಯನ್ನು ಅದರ ಎಲ್ಲ ರೂಢಿಗಳೊಡನೆ ಎತ್ತಿಕೊಂಡು ಬರುವುದಕ್ಕಿಂತ, ನ್ಯಾಯಾಲಯದ ಕಡತದಿಂದ ಒಬ್ಬೊಬ್ಬರನ್ನೂ ಬೇರೆಯಾಗಿ ಎಣಿಸುವ ತಾಳ್ಮೆಯನ್ನೂ, ಬೈಲಹೊಂಗಲದ ಸಣ್ಣಾಟದಿಂದ ಸಾಯುವವನ ಬಾಯಿಗೆ ಹಾಡು ಕೊಡುವ ಔದಾರ್ಯವನ್ನೂ ನಮ್ಮ ಕೃತಿಕಾರರು ಕಲಿತರೆ ಲೇಸು. ಈ ಎರಡೂ ಗುಣಗಳು ಕೂಡಿಬಂದ ಒಂದು ಕೇಳುಪುಸ್ತಕವು ಕನ್ನಡದಲ್ಲಿ ಹುಟ್ಟಿದ ದಿನ ಪತ್ತೇದಾರಿ ಕಾದಂಬರಿಯನ್ನು ಜಗುಲಿಯಿಂದ ಒಳಕ್ಕೆ ಕರೆಯಲು ಪಂಡಿತರಿಗೂ ಸಂಕೋಚವಿರಲಾರದು.